ಒಂದು ಕಮಾನು ಪಟ್ಟಿ ಹೆಚ್ಚು

ಪಾರ್ವತಿನಗರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಇವತ್ತು ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಅಪ್ಪನ ಕೈಗೂ ಅದೇ ವಾಸನೆಯಿತ್ತು.

ಅಪ್ಪ ಅದಿರು ಲಾರಿಯ ಡ್ರೈವರ್ ಆಗಿದ್ದ. ನಾನು ಶಾಲೆಯಲ್ಲಿದ್ದಾಗ, ಕಂಟೋನ್ಮೆಂಟಿನಲ್ಲಿ ನಡೆಯುತ್ತಿದ್ದ ರೇಸಿಗೆಂದು ನನ್ನ ರಿಮೋಟ್ ಆಟಿಕೆ ಟ್ರಕ್ಕಿಗೆ ದೊಡ್ಡ ಮೋಟಾರು ಬೆಸೆದ. ಹೆಚ್ಚು ಲೋಡಿಗಾಗಿ ಲಾರಿಗೆ ಸೇರಿಸುವಂತೆ ಅದರ ಸ್ಪ್ರಿಂಗಿಗೂ ಕಬ್ಬಿಣದ ಇನ್ನೊಂದು ಕಮಾನು ಪಟ್ಟಿ ಸೇರಿಸಿದ.

"ಇನ್ನ ಬಗ್ಗಂಗಿಲ್ಲ ನೋಡಲೇ," ಎಂದ.

ರೇಸಿನಲ್ಲಿ ಆ ಭಾರಕ್ಕೆ ಟ್ರಕ್ಕು ಎಲ್ಲರಿಗಿಂತ ಹಿಂದೆ ಬಿತ್ತು. "ಅದಿರು ತುಂಬೀಯೇನಲೇ?" ಎಂದು ಹುಡುಗರು ನಕ್ಕರು.

"ಲೋಡ್ ಬಿಟ್ರ ನಿನಗ ಏನ್ ಗೊತ್ತೈತಿ?" ಎಂದು ಅಪ್ಪನಿಗೆ ಅಂದೆ. ಅವನು ಟ್ರಕ್ಕಿನ ಧೂಳು ಒರೆಸಿದ.

ಮರುವಾರ ಹಲಕುಂದಿಯ ಹತ್ತಿರ ಅವನ ಲಾರಿ ಮಗುಚಿತು. ಮನೆಗೆ ಬಂದದ್ದು ಅವನ ಊಟದ ಚೀಲ ಮಾತ್ರ. ಅದರೊಳಗೆ ನಾಲ್ಕು ಪುಟ್ಟ ರೇಸ್ ಟೈರುಗಳಿದ್ದವು, ಸ್ಪಂಜಿನಷ್ಟು ಹಗುರ.

"ಫೋನಿಗೆ ಏನಾಗೈತ್ರೀ?" ಎಂದು ರಿಪೇರಿ ಅಂಗಡಿಯವನು ಕೇಳಿದ. ಫೋನನ್ನು ಅವನ ಮುಂದಿಟ್ಟು, ಬೆಸುಗೆಯ ಹೊಗೆಯ ಹತ್ತಿರಕ್ಕೆ ಬಾಗಿದೆ.