ಹನ್ನೆರಡನೆಯವಳ ಸಾಲು

ಗೆಳೆಯರೇ, ಇವತ್ತು ಸಿಂಧನೂರಿನ ಕಚೇರಿಯೊಂದರಲ್ಲಿ, ಹಾಸಿಗೆ ಹಿಡಿದ ಗಂಡನನ್ನು ನೋಡಿಕೊಳ್ಳುವ ಹೆಣ್ಣುಮಗಳೊಬ್ಬಳು ತನಗೇನಾದರೂ ನೆರವು ಸಿಗುವುದೇ ಎಂದು ಕೇಳಿದಳು.

"ಪೇಶಂಟ್‌ಗೆ ಐತವ್ವ. ನೋಡ್ಕೊಳ್ಳೋರಿಗೆ ಅರ್ಜಿಯಾಗ ಕಾಲಮ್ಮೇ ಇಲ್ಲ" ಎಂದ ಗುಮಾಸ್ತ.

ನನಗೆ ಸಿಟ್ಟು ನೆತ್ತಿಗೇರಿತು. ಜೊತೆಗೇ ಗೊರೇಬಾಳದ ಗೌರವ್ವ ನೆನಪಾದಳು. ತೊಂಬತ್ತರ ದಶಕದ ಮಾತು. ನಮ್ಮ ಗದ್ದೆಗೆ ನೆಲ್ಲು ಹಚ್ಚಲು, ಅಂದರೆ ನಾಟಿ ಮಾಡಲು, ಅವಳ ಗುಂಪಿನ ಹನ್ನೆರಡು ಹೆಣ್ಣಾಳುಗಳು ಬರಬೇಕಿತ್ತು. ಬದುವಿನ ಮೇಲೆ ನಿಂತು ಎಣಿಸಿದೆ, ಹನ್ನೊಂದೇ ಇದ್ದರು.

"ಒಬ್ಬಾಕಿ ಎಲ್ಲೆದಾಳ ಗೌರವ್ವ?"

"ನಮ್ಮ ಗುಂಪಿನ ನೀಲಮ್ಮನ ಅತ್ತೆಗೆ ಲಕ್ವಾ ಹೊಡದೈತ್ರಿ. ದಿನಕ್ಕೊಬ್ಬಾಕಿ ಆ ಮನಿಯಾಗ ಕುಂದ್ರತೀವಿ. ಇವತ್ತು ಹನುಮವ್ವನ ಪಾಳಿ."

"ಮತ್ತ ಆಕಿ ಸಾಲು?"

"ನಾವು ಹಚ್ತೀವ್ರಿ. ಸಂಜಿಗೆ ಬಂದು ನೋಡ್ರಿ, ನಿಮ್ಮ ಕಣ್ಣಿಗೆ ಗೊತ್ತಾದ್ರ ಹೇಳ್ರಿ."

ಸಂಜೆ ಹೋಗಿ ನೋಡಿದೆ. ಗದ್ದೆ ತುಂಬ ಹಸಿರು ಸಾಲು. ಬಾರದವಳ ಸಾಲು ಯಾವುದೆಂದು ಎಷ್ಟು ದಿಟ್ಟಿಸಿದರೂ ತಿಳಿಯಲಿಲ್ಲ. ಈ ಪಾಳಿ ಶುರುವಾಗುವ ಮುಂಚೆ ಎರಡು ತಿಂಗಳು ಅತ್ತೆಯ ಹಾಸಿಗೆ ಬಿಟ್ಟು ಕದಲದಿದ್ದ ನೀಲಮ್ಮ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಯಾರದೋ ಮಾತಿಗೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಬೆಳಿಗ್ಗೆ ತಲೆ ಎಣಿಸಿದ್ದಕ್ಕೆ ನಾಚಿಕೆಯಾಯಿತು. ಅಷ್ಟು ದೊಡ್ಡ ಏರ್ಪಾಟನ್ನು ಆಮೇಲೆ ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಇದನ್ನೆಲ್ಲ ಇವತ್ತು ಆ ಗುಮಾಸ್ತನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಪೆನ್ನು ಕೆಳಗಿಟ್ಟು ಕೇಳಿದ: "ಆ ಸಂಘ ರಿಜಿಸ್ಟರ್ ಆಗಿತ್ತೇನ್ರಿ ಸರ್?"

ಆಗಿರಲಿಲ್ಲ. ಅದಕ್ಕೇ ನಡೆಯಿತೇನೋ.