ಸಂಗು ಊದಿದವರು ಯಾರು?

ನಿಜ ಹೇಳಿಬಿಡುತ್ತೇನೆ. ಒಂದು ಚೌಕಕ್ಕೆ ಟಿಕ್ ಹಾಕಲಾಗದೆ ಮೂರು ದಿನದಿಂದ ನಾನು ಕೂತಲ್ಲಿ ಕೂತಿಲ್ಲ. ಬಂಗಾರಪೇಟೆಯ ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಅದೇ ಚೌಕ, ಆಂಡರ್ಸನ್‌ಪೇಟೆಯ ಮನೆಗೆ ಬಸ್ಸಿನಲ್ಲಿ ಜೋತಾಡುವಾಗಲೂ ಅದೇ. ನನ್ನ ಲೇಖನವನ್ನು ಒಪ್ಪಿಕೊಂಡ ಸಂಶೋಧನಾ ಪತ್ರಿಕೆ ಕಳಿಸಿದ ಫಾರಂನಲ್ಲಿದ್ದ ಚೌಕ ಅದು. ಬರೆಯಲು ಎಐ ಬಳಸಿದ್ದೀರಾ? ಹೌದಾದರೆ ಎಲ್ಲಿ, ಎಷ್ಟು? ಕೆಳಗೆ ಇನ್ನೊಂದು ಸಾಲು: ಯಂತ್ರವನ್ನು ಲೇಖಕರೆಂದು ಹೆಸರಿಸುವಂತಿಲ್ಲ, ಬರೆದದ್ದಕ್ಕೆಲ್ಲ ಲೇಖಕರೇ ಹೊಣೆ. ಇವತ್ತು ಸಂಜೆಯೊಳಗೆ ಕಳಿಸಬೇಕು.

ಬಳಸಿದ್ದೆ. ನನ್ನ ಇಂಗ್ಲಿಷ್ ಸಂತೆಗೆ ಸಾಕು, ಸಂಶೋಧನೆಗೆ ಸಾಲದು. ಊರಿಗಾಂನ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿರುವ ಮುನಿಯಮ್ಮನವರು ಹೇಳಿದ ಚಿನ್ನದ ಗಣಿಯ ದಿನಗಳನ್ನು ಕನ್ನಡದಲ್ಲಿ ಬರೆದು, ಇಂಗ್ಲಿಷ್ ಮಾಡಿಕೊಡಪ್ಪಾ ಎಂದು ಯಂತ್ರದ ಮುಂದಿಟ್ಟೆ. ‘ಸಂಗು ಊದಿದ ಮೇಲೆ ಅಪ್ಪ ಗಣಿಗೆ ಇಳಿಯುತ್ತಿದ್ದ’ ಎಂಬಲ್ಲಿ ಅದು, ತಮಿಳಿನ ಸಂಗು ಎಂದರೆ ಶಂಖವೆಂದು, ಶಂಖ ಊದಿಸಿತು. ಅಷ್ಟಕ್ಕೇ ಬಿಡದೆ, ಭೂಮಿಯೊಡಲಿಗೆ ಇಳಿಯುವ ಮುನ್ನ ಕಾರ್ಮಿಕರು ನಡೆಸುತ್ತಿದ್ದ ಪೂಜೆಯ ಬಗ್ಗೆ ಇಡೀ ಒಂದು ಪ್ಯಾರಾ ಸೇರಿಸಿತು. ನಾನು ಈ ಊರಿಗೆ ವರ್ಗವಾಗಿ ಬರುವ ಹೊತ್ತಿಗೆ ಗಣಿ ಮುಚ್ಚಿ ವರ್ಷಗಳಾಗಿದ್ದವು. ಅನುಮಾನ ಬರಲಿಲ್ಲ. ಓದಿ ಪುಳಕಗೊಂಡೆ, ನಾನೇ ಬರೆದವನಂತೆ ಬೀಗಿದೆ ಕೂಡ.

ಹಿಂದೆ ಓಲೆಗರಿ ಪ್ರತಿ ಮಾಡುತ್ತಿದ್ದವರು ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿಕೊಂಡು ಓದಿ ಎಂದು ಕೈಮುಗಿಯುತ್ತಿದ್ದರಂತೆ. ಕಾವ್ಯ ಯಾರದೋ, ತಪ್ಪು ಮಾತ್ರ ತಮ್ಮದು. ಯಂತ್ರವೂ ತಪ್ಪು ತೋರಿಸಿದರೆ ತಕ್ಷಣ ಕ್ಷಮೆ ಕೇಳುತ್ತದೆ. ಆದರೆ ಅದಕ್ಕೆ ಆ ರಾತ್ರಿ ನಿದ್ದೆ ಕೆಡುವುದಿಲ್ಲ, ನನಗೆ ಕೆಡುತ್ತದೆ.

ಕೊನೆಗೆ ಇವತ್ತು ಮಧ್ಯಾಹ್ನ ಊರಿಗಾಂಗೆ ಹೋಗಿ, ಲೇಖನವನ್ನು ಮುನಿಯಮ್ಮನವರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು.

“ಶಂಕ ಯಾರು ಊದಿದ್ರು ಮೇಷ್ಟ್ರೇ? ಸಂಗು ಅಂದ್ರೆ ಕಂಪ್ನಿ ಸೈರನ್ನು. ಒತ್ತಿಗೆ ಸರಿಯಾಗಿ ಕೂಗಿದ್ರೆ ಅಪ್ಪ ಕೆಲ್ಸಕ್ಕೆ ಓಗೋನು. ಒತ್ತಲ್ಲದ ಒತ್ನಲ್ಲಿ ಕೂಗಿದ್ರೆ ಲೈನಿನ ಎಂಗಸ್ರೆಲ್ಲ ಒಲೆ ಮೇಲಿನ ಮುದ್ದೆ ಬಿಟ್ಟು ಮೈನ್ ಕಡೀಕೆ ಓಡೋರು. ನಮ್ಮಮ್ಮನೂ ಒಂದಿನ ಅಂಗೇ ಓಡಿದ್ದು.”

ಆ ದಿನ ಅವರಪ್ಪ ಮೇಲೆ ಬರಲಿಲ್ಲ. ಅಂಥ ಸದ್ದನ್ನು ನಾನು ಪೂಜೆಯ ಸದ್ದು ಮಾಡಿಬಿಟ್ಟಿದ್ದೆ. ನಾಚಿಕೆಯಾಯಿತು. ಯಂತ್ರದ ಕಥೆಯನ್ನೆಲ್ಲ ಒಪ್ಪಿಸಿದೆ.

“ತಪ್ಪಾದ್ರೆ ಅದನ್ನ ಬೈಯಕ್ಕಾಯ್ತದಾ?” ಎಂದರು.

“ಇಲ್ಲಮ್ಮ, ನನ್ನನ್ನೇ ಬೈಯಬೇಕು.”

“ಅಂಗಾದ್ರೆ ಬರ್ದೋರು ನೀವೇ ಬುಡಿ.”

ಸಂಪಾದಕರು ಫಾರಂನಲ್ಲಿ ಹೇಳಿದ್ದ ನಿಯಮವೂ ಇಷ್ಟೇ. ಅಲ್ಲೇ ಜಗಲಿಯ ಮೇಲೆ ಕೂತು ಶಂಖದ ಪ್ಯಾರಾ ಕಿತ್ತುಹಾಕಿದೆ. ಅವರಮ್ಮ ಓಡಿದ್ದನ್ನು ನನ್ನ ಕುಂಟು ಇಂಗ್ಲಿಷಿನಲ್ಲೇ ಬರೆದೆ. ಹೌದು ಎಂಬ ಚೌಕಕ್ಕೆ ಟಿಕ್ ಬಿತ್ತು. ಲೇಖಕರ ಹೆಸರಿನ ಜಾಗಕ್ಕೆ ಬಂದಾಗ ಮತ್ತೆ ಪೆನ್ನು ನಿಂತಿತು. ಮುನಿಯಮ್ಮನವರನ್ನು ಕೊನೆಯ ಸಾಲಿನ ಕೃತಜ್ಞತೆಯಲ್ಲಿ ಸಣ್ಣಕ್ಷರದಲ್ಲಿ ಕೂರಿಸಿದ್ದೆ.

“ನಿಮ್ಮ ಹೆಸರನ್ನೂ ನನ್ನ ಪಕ್ಕದಲ್ಲಿ ಹಾಕಲಾ? ತಪ್ಪಿದ್ದರೆ ನಿಮ್ಮನ್ನೂ ಬೈತಾರೆ.”

“ಬೈಲಿ ಬುಡಿ,” ಎಂದು ಅವರು ಮತ್ತೆ ಅವರೆಕಾಯಿಗೆ ಕೈ ಹಾಕಿದರು. “ಸಂಗು ಕೇಳ್ದೋಳು ನಾನ್ ತಾನೆ?”