ಮೂರೂವರೆ ಇಂಚು ತಗ್ಗಿಸಿದ ಕಾರು

ಆ ಹಳೇ ಕಾರನ್ನು ಟ್ರೈಲರ್ ಮೇಲೆ ಹೇರಿಸಿಕೊಂಡು ಮನೆಗೆ ತಂದ ದಿನ ಇವರು ಹೇಳಿದ್ದು, "ಇಬ್ಬರೇ ಕೂರಬಹುದು ಕಣೇ. ಮೂರನೆಯವರಿಗೆ ಜಾಗಾನೇ ಇಲ್ಲ." ಆ ಇಬ್ಬರಲ್ಲಿ ಒಬ್ಬಳು ನಾನು ಎಂದುಕೊಂಡೆ. ಮದುವೆಯಾಗಿ ಇಷ್ಟು ವರ್ಷವಾದ ಹೆಂಗಸು ಬೇರೆ ಏನು ಅಂದುಕೊಳ್ಳಬೇಕು?

ನಮ್ಮ ಮನೆ ಅಮೆರಿಕದ ವೆಸ್ಟ್‌ಮಂಟ್‌ನಲ್ಲಿ, ಇವರ ಕೆಲಸ ಕಾರಿನಲ್ಲಿ ಐದು ಗಂಟೆ ದೂರದ ಸೌತ್‌ಫೀಲ್ಡ್‌ನಲ್ಲಿ. ಶುಕ್ರವಾರ ಸಂಜೆ ಬರುತ್ತಾರೆ, ಭಾನುವಾರ ಊಟ ಮುಗಿಸಿ ಮತ್ತೆ ಮಿಶಿಗನ್ ದಾರಿ ಹಿಡಿಯುತ್ತಾರೆ. ಮಗಳು ಕಾಲೇಜಿಗೆ ಹೋದಮೇಲೆ ವಾರದ ಉಳಿದ ದಿನಗಳಲ್ಲಿ ಈ ಮನೆಯಲ್ಲಿ ನನ್ನೊಡನೆ ದನಿ ಎತ್ತುವುದು ಡಿಶ್‌ವಾಷರ್ ಒಂದೇ. ಕೆಲಸ ಮುಗಿದಾಗ ಅದು ಮೂರು ಸ್ವರ ಹಾಡುತ್ತದೆ. "ಆಯ್ತಾ?" ಎಂದು ನಾನು ಕೇಳುವುದೂ ಉಂಟು.

ಬೇಸಿಗೆಯಲ್ಲಿ ನಮ್ಮ ಪೇಟೆಬೀದಿಗೆ ವಾರಕ್ಕೊಂದು ಸಂಜೆ ಹಳೇ ಕಾರುಗಳು ಪ್ರದರ್ಶನಕ್ಕೆ ಬರುತ್ತವೆ. ಇವರಿಗೆ ಹುಚ್ಚು ಹಿಡಿದದ್ದು ಅಲ್ಲೇ. ಇವರು ಎಂಜಿನ್‌ಗಳೊಳಗೆ ಬಗ್ಗಿ ನೋಡುತ್ತಿದ್ದರೆ ನಾನು ಮಡಚುವ ಕುರ್ಚಿಯಲ್ಲಿ ಫ್ಲಾಸ್ಕ್ ಹಿಡಿದು ಹೆಂಗಸರನ್ನು ನೋಡುತ್ತಿದ್ದೆ. ಗಂಡಂದಿರ ಪಕ್ಕದಲ್ಲಿ, ಕಿಟಕಿಯ ಅಂಚಿಗೆ ಮೊಣಕೈ ಊರಿ ಕೂತ ಹೆಂಗಸರು. ನನಗೂ ಒಂದು ಸಂಜೆ ಹಾಗೆ ಮೊಣಕೈ ಊರಬೇಕಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ.

ನಮ್ಮದು ಎರಡು ಬಾಗಿಲಿನ ಕೂಪೆ. ಉಬ್ಬಿದ ಟೋಪಿಯಂಥ ರೂಫು, ಚಕ್ಕೆ ಎದ್ದ ಕಪ್ಪು ಬಣ್ಣ. "ರೂಫ್ ಚಾಪ್ ಮಾಡ್ಬೇಕು" ಎಂದರು ಇವರು. ರೂಫನ್ನು ಹೊತ್ತ ಕಂಬಗಳಲ್ಲಿ ಮೂರೂವರೆ ಇಂಚು ಕತ್ತರಿಸಿ ತೆಗೆದು, ರೂಫನ್ನು ಇಳಿಸಿ ಮತ್ತೆ ಬೆಸೆಯುವುದು. ಕಾರು ನೆಲಕ್ಕೆ ಅವುಚಿಕೊಂಡ ಹಾಗೆ ಕಾಣುತ್ತದಂತೆ. ಕೈಜೋಡಿಸಲು ಬಂದವರು ಪಕ್ಕದ ಮನೆಯ ಹಿರಿಯರು, ಆಯುಷ್ಯವೆಲ್ಲ ವೆಲ್ಡಿಂಗ್ ಮಾಡಿ ನಿವೃತ್ತರಾದ ಅಮೆರಿಕನ್.

ಕತ್ತರಿಸುವ ಮೊದಲು ಅಳತೆ. ಇವರು ಸ್ಟಿಯರಿಂಗ್ ಹಿಡಿದು ಕೂತರು, ನಾನು ಟೇಪ್ ಹಿಡಿದೆ. ತಲೆಯಿಂದ ರೂಫಿಗೆ ಐದು ಇಂಚು. ಹಿರಿಯರು ನನ್ನತ್ತ ನೋಡಿ, "ನಿಮ್ಮ ಹೆಂಡತಿಯ ಅಳತೆ?" ಎಂದು ಇವರನ್ನು ಕೇಳಿದರು.

"ಅವಳು ಇದರಲ್ಲಿ ಎಲ್ಲಿ ಕೂರ್ತಾಳೆ? ಪೆಟ್ರೋಲ್ ವಾಸನೆ ಅಂದ್ರೆ ಆಗಲ್ಲ ಅವಳಿಗೆ" ಎಂದು ಇವರು ನಗುತ್ತಲೇ ಹೇಳಿದರು.

ಪೆಟ್ರೋಲ್ ವಾಸನೆ ಆಗದೆ ಇದ್ದದ್ದು ಮಗಳು ಹೊಟ್ಟೆಯಲ್ಲಿದ್ದಾಗ. ನಾನು ಟೇಪನ್ನು ಸುರುಳಿ ಸುತ್ತಿ ಒಳಗೆ ಹೋದೆ.

ನಾನು ಇವರಿಗಿಂತ ಎರಡು ಬೆರಳು ಎತ್ತರ. ಮದುವೆ ಫೋಟೋದಲ್ಲಿ ಇವರು ಮಣೆಯ ಮೇಲೆ ನಿಂತಿದ್ದಾರೆ, ರೇಷ್ಮೆ ಪಂಚೆಯ ಕೆಳಗೆ ಮಣೆಯ ಮೂಲೆ ಕಾಣುತ್ತದೆ. ಕೂತಾಗ ವ್ಯತ್ಯಾಸ ಇನ್ನೂ ಹೆಚ್ಚು. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ನಮ್ಮ ಬೆನ್ನಿಗೂ ಬೆಂಚಿಗೂ ನಡುವೆ ಅಡಿಪಟ್ಟಿ ಆಡಿಸಿ ನೋಡುತ್ತಿದ್ದರು, ಎಲ್ಲೂ ತಾಗಬಾರದು. ನಾನು ಇವತ್ತಿಗೂ ಸೋಫಾದಲ್ಲೂ ಒರಗುವುದಿಲ್ಲ. ಕೇಳದೆ ಮಾತಾಡಬಾರದು ಎಂದು ಕಲಿಸಿದ್ದೂ ಅದೇ ಸಿಸ್ಟರ್. ಅಳತೆಯ ದಿನ ಆ ಎರಡನೆಯ ಪಾಠವನ್ನು ಮರೆಯಬೇಕಿತ್ತು.

ಮರುದಿನ ರೂಫು ಕಳಚಿ ಬಂತು. ಮುಂದಿನ ಕಂಬಗಳು ಸರಿಯಾಗಿ ಕೂತವು. ಹಿಂದಿನವು ಓರೆ ಇದ್ದದ್ದರಿಂದ ಇಳಿಸಿದಾಗ ಒಂದಕ್ಕೊಂದು ಸೇರಲಿಲ್ಲ. ರೂಫನ್ನೇ ಅಡ್ಡಕ್ಕೆ ಸೀಳಿ ನಡುವೆ ತಗಡಿನ ಪಟ್ಟಿ ಸೇರಿಸಬೇಕಾಯಿತು, ಗಿಡ್ಡವಾದ ಲಂಗಕ್ಕೆ ಪಟ್ಟಿ ಕೊಡುವ ಹಾಗೆ. ಹಿರಿಯರು ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಬೆಸೆಯುತ್ತ ಹೋದರು. ಬಿಸಿಗೆ ತಗಡು ಸೊಟ್ಟಗಾಗದಿರಲೆಂದು ಅವರು ಹೇಳಿದ ಕಡೆ ಒದ್ದೆ ಟವೆಲ್ ಒತ್ತುವುದು ನನ್ನ ಕೆಲಸ. ಒತ್ತಿದೆ. ಚುಸ್ಸೆನ್ನುತ್ತಿತ್ತು.

ಮೂರು ವಾರದ ಮೇಲೆ, ಸೀಟು ಮತ್ತೆ ಕೂರಿಸಿದ ಶನಿವಾರ, ಇವರು ಅಡಿಗೆಮನೆಗೇ ಬಂದರು. "ಬಾರೇ, ಕೂತು ನೋಡು."

ಕೈ ಒರೆಸಿಕೊಂಡು ಹೋದೆ. ಕೂತೆ. ನನ್ನ ಬೈತಲೆ ತಣ್ಣನೆಯ ಕಬ್ಬಿಣಕ್ಕೆ ತಾಗಿತು.

"ಅಯ್ಯೋ! ಸ್ವಲ್ಪ ಕುಗ್ಗಿ ಕೂತ್ಕೋ. ಇನ್ನೂ."

ಕುಗ್ಗಿದೆ. ಗಾಜಿನಾಚೆ ಏನೂ ಕಾಣಲಿಲ್ಲ, ಡ್ಯಾಶ್‌ಬೋರ್ಡ್ ಮಾತ್ರ ಕಂಡಿತು.

"ಯಾಕೆ ಮೊದಲೇ ಹೇಳ್ಲಿಲ್ಲ ನೀನು?"

"ನನ್ನ ಬದಲು ನೀವೇ ಹೇಳಿಬಿಟ್ರಲ್ಲಾ ರೀ."

ಇವರು ಬಾಗಿಲನ್ನು ತೆರೆದು ಹಾಕಿ ತೆರೆದು ಹಾಕಿ ಮಾಡಿದರು. ಭಾನುವಾರ ಚಿತ್ರಾನ್ನ ಕಟ್ಟಿಕೊಂಡು ಹೊರಟರು.

ಸೋಮವಾರ ಫೋನಿನಲ್ಲಿ, "ಸೀಟಿನ ಫ್ರೇಮ್ ಇಳಿಸೋಕಾಗತ್ತಂತೆ. ನಿನಗೆ ಎಷ್ಟು ಇಳಿಸ್ಬೇಕು ನೋಡಿ ಹೇಳು" ಎಂದರು.

ತನ್ನ ತಲೆಯ ಮೇಲಿನ ಅಳತೆಯನ್ನು ತಾನೇ ಓದುವುದು ಆಗದ ಮಾತು. ಮಂಗಳವಾರ ಬೆಳಗ್ಗೆ ಸೀಟಿನ ದಿಂಬನ್ನು ಎಳೆದು ತೆಗೆದು, ಆ ಜಾಗಕ್ಕೆ ಹೊದಿಕೆಗಳನ್ನು ಮಡಚಿ ದಿಂಬಿನಷ್ಟೇ ಎತ್ತರಕ್ಕೆ ಒಟ್ಟಿದೆ. ಕೂತು ನೋಡಿ ಒಂದೊಂದಾಗಿ ತೆಗೆಯುತ್ತ ಹೋದೆ. ಇಳಿದು, ಹತ್ತಿ, ಇಳಿದು, ಹತ್ತಿ. ಕೊನೆಗೆ ತಲೆಗೂ ರೂಫಿಗೂ ನಡುವೆ ಅಂಗೈ ತೂರಿತು. ಎಷ್ಟು ತಗ್ಗಿತೆಂದು ಅಳೆದೆ.

ಊಟದ ಬಿಡುವಿನಲ್ಲಿ ಇವರ ಫೋನ್ ಬಂದಾಗ ನಾನಿನ್ನೂ ಕಾರಿನಲ್ಲೇ ಇದ್ದೆ.

"ಎರಡೂಕಾಲು ಇಂಚು" ಎಂದೆ.

"ಅಷ್ಟೊಂದಾ? ಕುಗ್ಗಿ ಕೂತು ಅಳೆದ್ಯಾ, ನೆಟ್ಟಗೆ ಕೂತ್ಕೊಂಡಾ?"

ಒಂದು ಇಂಚು ಎಂದಿದ್ದರೆ ಸಾಕಿತ್ತು, ಇವರಿಗೆ ಸುಲಭವಾಗುತ್ತಿತ್ತು. ಉಳಿದದ್ದಕ್ಕೆ ನಾನು ಕುಗ್ಗಿ ಕೂರಬಹುದಿತ್ತು.

"ನೆಟ್ಟಗೆ ಕೂತ್ಕೊಂಡು."

ಆ ಕಡೆ ಆಫೀಸಿನ ಮೈಕ್ರೋವೇವ್ ಬೀಪ್ ಎಂದಿತು. "ಎರಡೂ ಕಡೆಗೆ ಒಂದೇ ಸೀಟು ಕಣೇ. ಅಷ್ಟು ಇಳಿಸಿದ್ರೆ ನಂಗೆ ರಸ್ತೆ ಕಾಣಲ್ಲ."

"ನಿಮಗೊಂದು ದಿಂಬು ಹೊಲಿದು ಕೊಡ್ತೀನಿ. ಮಣೆ ಮೇಲೆ ನಿಂತು ಅಭ್ಯಾಸ ಇದೆಯಲ್ಲಾ."

ನಕ್ಕರೋ ಇಲ್ಲವೋ ತಿಳಿಯಲಿಲ್ಲ. "ಶುಕ್ರವಾರ ನೋಡೋಣ" ಎಂದು ಫೋನ್ ಇಟ್ಟರು.

ಹೊದಿಕೆಗಳನ್ನು ತೆಗೆಯದೆ ಹಾಗೇ ಕೂತೆ. ಪಕ್ಕದಲ್ಲಿ ಸ್ಟಿಯರಿಂಗ್, ಯಾರೂ ಇಲ್ಲ. ಕಿಟಕಿ ಅಂಚೆಪೆಟ್ಟಿಗೆಯ ಕಿಂಡಿಯಷ್ಟಾಗಿತ್ತು. ಮೊಣಕೈ ಊರಿ ನೋಡಿದೆ. ಹಿಡಿಸಿತು. ಎದುರಿಗೆ ಹುಲ್ಲು ಕತ್ತರಿಸುವ ಯಂತ್ರವೂ ಗ್ಯಾರೇಜಿನ ಗೋಡೆಯೂ ಇದ್ದವು, ಅವನ್ನೇ ನೋಡುತ್ತ ಕೂತಿದ್ದೆ.